ಹಗಲು ಕಂಡ ಊರ ದಾರಿ

23 ಆಗಸ್ಟ್ 2025, ಶನಿವಾರ
ರಾತ್ರಿ 10.15, ತೀರ್ಥಹಳ್ಳಿ ಹತ್ತಿರ, ನಮ್ಮ ಮನೆ

ಬೆಂಗಳೂರಿನಿಂದ ಬೆಳಿಗ್ಗೆ ಐದೂವರೆಗೆ ಹೊರಟೆವು. ಮನೆ ಸೇರುವಾಗ ಸಂಜೆ ಏಳು ದಾಟಿತ್ತು. ನೇರವಾಗಿ ಬಂದಿದ್ದರೆ ಮಧ್ಯಾಹ್ನದ ಊಟಕ್ಕೇ ಇಲ್ಲಿ ಇರಬಹುದಿತ್ತು. ಅಮ್ಮ ಮೂರು ಸಲ ಫೋನ್ ಮಾಡಿದ್ದಳು.

ಮಂಗಳವಾರ ಗೌರಿ ಹಬ್ಬ. ಅದಕ್ಕಿಂತ ದೊಡ್ಡ ಕಾರಣ ಅಪ್ಪಯ್ಯ. ಕಳೆದ ತಿಂಗಳು ಕಣ್ಣಿನ ಪೊರೆ ತೆಗೆಸಲು ಬೆಂಗಳೂರಿನ ನಮ್ಮನೆಗೆ ಬಂದಿದ್ದರು. ಡಾಕ್ಟರು ಇನ್ನು ಊರಿಗೆ ಹೋಗಬಹುದು ಅಂದಿದ್ದೇ ತಡ, ಅವರಿಗೆ ತೋಟದ್ದೇ ಚಿಂತೆ. ಮಳೆ ಬಿಡುತ್ತಿಲ್ಲ, ಅಡಿಕೆಗೆ ಕೊಳೆರೋಗ ಬರುತ್ತೆ, ಮತ್ತೊಂದು ಸುತ್ತು ಬೋರ್ಡೋ ಔಷಧಿ ಹೊಡೆಸಬೇಕು. "ಎಲ್ಲೂ ನಿಲ್ಲಿಸೋದು ಬೇಡ, ಸೀದಾ ಹೋಗುವ" ಅಂತ ಕಾರು ಹತ್ತುವಾಗಲೇ ಹೇಳಿದ್ದರು.

ನನ್ನ ಮನಸ್ಸಿನಲ್ಲಿ ಬೇರೆಯೇ ಇತ್ತು. ಓದುವ ಕಾಲದಿಂದ ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ಎಲ್ಲಾ ರಾತ್ರಿ ಬಸ್ಸಿನಲ್ಲೇ. ತಿಪಟೂರು, ಅರಸೀಕೆರೆ, ಕಡೂರು ಅಂದರೆ ನನಗೆ ನಿದ್ದೆಗಣ್ಣಿನಲ್ಲಿ ಕೇಳಿದ ಕಂಡಕ್ಟರ್ ದನಿ, ಅಷ್ಟೆ. ಅಪ್ಪಯ್ಯನಿಗೂ ಹಾಗೇ. ಈಗ ಅವರಿಗೆ ಹೊಸ ಕಣ್ಣು. ಹಗಲಲ್ಲಿ ಈ ದಾರಿ ತೋರಿಸಬೇಕು ಅಂತ ಆಸೆಯಾಯಿತು.

ಕ್ಯಾತ್ಸಂದ್ರದಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ಆಯಿತು. ತಿಪಟೂರು ಕಡೆ ಎರಡೂ ಬದಿ ತೆಂಗು. ಇಲ್ಲಿಯವರು ಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ ಅಂತ ನಮ್ಮ ಯಜಮಾನರು ಮಗಳಿಗೆ ಹೇಳುತ್ತಿದ್ದರು. "ನಮ್ಮ ಅಡಿಕೆ ಸುಲಿ, ಬೇಯಿಸು, ಒಣಗಿಸು. ಇವರದ್ದು ಕೂತಲ್ಲೇ ಒಣಗುತ್ತೆ" ಅಂದರು ಅಪ್ಪಯ್ಯ, ಹಿಂದಿನ ಸೀಟಿನಿಂದ. ಅದು ಬೆಳಗಿನಿಂದ ಅವರಾಡಿದ ಮೊದಲ ದೊಡ್ಡ ಮಾತು!

ಹಳೆಯ ಗುಡಿಗಳಿರುವ ಅರಳಗುಪ್ಪೆಗೆ ಹೋಗುವ ಯೋಚನೆ ಇತ್ತು, ಜೋರು ಮಳೆ ಬಂದು ಬಿಟ್ಟೆವು. ಅರಸೀಕೆರೆ ಊರೊಳಗಿನ ಶಿವಾಲಯದಲ್ಲಿ ಹತ್ತು ನಿಮಿಷ. 1220ರ ಸುಮಾರಿಗೆ ಕಟ್ಟಿದ್ದು. ಅದರ ಮುಂದಿನ ಮಂಟಪವೇ ಹದಿನಾರು ಮೂಲೆಯ ನಕ್ಷತ್ರದ ಆಕಾರ. ಎಷ್ಟು ಸಲ ಈ ಊರಲ್ಲಿ ಬಸ್ಸು ನಿಂತಿದೆ, ಅಲ್ವಾ?

ನಿಜವಾಗಿ ಕಾಲು ಕಟ್ಟಿಹಾಕಿದ್ದು ಅಮೃತಾಪುರ. ತರೀಕೆರೆ ಆದಮೇಲೆ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ದಾರಿಯಲ್ಲಿ ಅಡಿಕೆ ತೋಟ ನೋಡಿ "ಇಲ್ಲೂ ಅಡಿಕೆಯಾ!" ಅಂತ ಅಪ್ಪಯ್ಯ ಕಿಟಕಿ ಇಳಿಸಿದರು. ಅಮೃತೇಶ್ವರ ದೇವಸ್ಥಾನ 1196ರದ್ದು. ಎರಡನೇ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ್ದು. ನಮ್ಮನ್ನು ಬಿಟ್ಟರೆ ನಾಲ್ಕೈದು ಜನ ಇದ್ದರು. ಕಡೆದ ಕಂಬಗಳು ನುಣ್ಣಗೆ ಹೊಳೆಯುತ್ತವೆ. ಮಂಟಪದ ದಕ್ಷಿಣದ ಗೋಡೆಯಲ್ಲಿ ಎಪ್ಪತ್ತು ಪಟ್ಟಿಕೆಗಳಲ್ಲಿ ರಾಮಾಯಣ ಇದೆ. ಮಗಳು ಪ್ರದಕ್ಷಿಣೆಯ ದಿಕ್ಕಿನಲ್ಲೇ ನೋಡುತ್ತಾ ಹೋದಳು. "ಅಜ್ಜ, ಕಥೆ ಹಿಂದುಮುಂದಾಗಿದೆ" ಅಂದಳು. ಅಪ್ಪಯ್ಯ ಹತ್ತಿರ ಹೋಗಿ ನೋಡಿದರು. ಆಚೆ ತುದಿಗೆ ನಡೆದರು. "ಈ ಕಡೆಯಿಂದ ಬಾ, ಪುಟ್ಟಿ." ನಿಜ, ಇಲ್ಲಿ ರಾಮಾಯಣ ಸಾಗುವುದು ಅಪ್ರದಕ್ಷಿಣೆಯಾಗಿ. ಹೊಯ್ಸಳರ ಗುಡಿಗಳಲ್ಲಿ ಇದು ಅಪರೂಪ. ಇಬ್ಬರೂ ಮತ್ತೆ ಮೊದಲಿನಿಂದ ಒಂದೊಂದೇ ಪಟ್ಟಿಕೆ ನೋಡಿದರು. ನಾನು ಗಡಿಯಾರ ನೋಡಲಿಲ್ಲ.

ಅಲ್ಲಿ ಒಂದು ದೊಡ್ಡ ಶಾಸನವಿದೆ. ಅದರ ಪದ್ಯಗಳನ್ನು ಬರೆದವನು ಕವಿಚಕ್ರವರ್ತಿ ಜನ್ನ. ಅಪ್ಪಯ್ಯ ಬೆರಳು ತಾಗಿಸದೆ, ಗಾಳಿಯಲ್ಲೇ ಅಕ್ಷರಗಳ ಮೇಲೆ ಬೆರಳಾಡಿಸಿ ಕೂಡಿಸಿ ಓದಲು ನೋಡಿದರು. ಒಂದು "ನ", ಒಂದು "ರ", ಆಮೇಲೆ ಒಂದು "ಮ". ಎರಡು ತಿಂಗಳ ಹಿಂದೆ ಪೇಪರಿನ ದೊಡ್ಡ ಅಕ್ಷರವೂ ಅವರಿಗೆ ಕಾಣುತ್ತಿರಲಿಲ್ಲ.

ಭದ್ರಾವತಿ, ಶಿವಮೊಗ್ಗ ಸುಮ್ನೆ ದಾಟಿದೆವು. ಇನ್ನು ತಡ ಮಾಡಬಾರದು ಅಂತ ನಾನೇ ಅಂದುಕೊಂಡಿದ್ದೆ. ಮಂಡಗದ್ದೆ ಬಂತು. ಆಗ ಅಪ್ಪಯ್ಯನೇ "ಇಲ್ಲಿ ನಿಲ್ಸು" ಅಂದರು.

ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನಡುಗಡ್ಡೆಯ ಮರಗಳು ಅರ್ಧ ನೀರಿನಲ್ಲಿ. ಕೊಂಬೆ ತುಂಬಾ ಬೆಳ್ಳಕ್ಕಿ, ಅವುಗಳ ನಡುವೆ ನೀರುಕಾಗೆ, ಹಾವಕ್ಕಿ. ಗದ್ದಲವೋ ಗದ್ದಲ. ಈ ಜಾಗ ಅಪ್ಪಯ್ಯನಿಗೆ ಹೊಸತಲ್ಲ. ಶಿವಮೊಗ್ಗಕ್ಕೆ ಹೋಗಿಬರುವಾಗೆಲ್ಲ ನೋಡಿದ್ದೇ. ಆದರೂ ಕೊಡೆ ಹಿಡಿದು ತುಂಬಾ ಹೊತ್ತು ನಿಂತರು.

"ಎರಡು ವರ್ಷದಿಂದ ನಂಗೆ ಇಲ್ಲಿ ಬರೀ ಬೆಳ್ಳಗೆ ಕಾಣ್ತಿತ್ತು ಮಾರಾಯ್ತಿ" ಅಂದರು. "ಮರದ ಮೇಲೆ ಬಟ್ಟೆ ಹರವಿದ ಹಾಗೆ."

ಆಮೇಲೆ ಮಗಳನ್ನು ಕರೆದು ಒಂದು ಗೂಡು ತೋರಿಸಿದರು. ಮೂರು ಮರಿ. ತಾಯಿ ಬಂದಾಗ ಮೂರೂ ಒಟ್ಟಿಗೆ ಬಾಯಿ ತೆರೆದವು. ಅದು ಅಷ್ಟು ದೂರದಿಂದ ಮೊದಲು ಕಂಡಿದ್ದು ಅಪ್ಪಯ್ಯನಿಗೇ.

ಈಗ ಊಟ ಆಗಿದೆ. ಮಳೆ ಸ್ವಲ್ಪ ನಿಂತಿದೆ. ಔಷಧಿ ಹೊಡೆಯುವವರು ನಾಳೆ ಬೆಳಿಗ್ಗೆ ಬರುತ್ತಾರಂತೆ. ಅಲ್ಲಿಯವರೆಗೆ ಕಾಯಲಾಗದೆ ಅಪ್ಪಯ್ಯ ಟಾರ್ಚ್ ಹಿಡಿದು ತೋಟಕ್ಕೆ ಇಳಿದಿದ್ದಾರೆ. ಬೆಳಕು ಒಂದೊಂದೇ ಮರದ ಕೊನೆಗೆ ಹತ್ತಿ ಇಳಿಯುವುದು ಇಲ್ಲಿ ಕಿಟಕಿಯಿಂದ ಕಾಣುತ್ತಿದೆ.