ಫೋನಲ್ಲೇ ಮೋಟರ್ ಹಾಕಬಹುದಾ? ಹಾಕಬಹುದು. ಆಮೇಲೆ?

"ಮನೆಗೆಲ್ಲಾ ಆಟೋಮೇಷನ್ ಮಾಡ್ಕೊಂಡಿದೀರಂತೆ, ಫೋನಲ್ಲೇ ಸಂಪಿನ ಮೋಟರ್ ಹಾಕಬಹುದಾ?" ಮದುವೆ ಊಟದ ಪಂಕ್ತಿಯಲ್ಲೂ ಇದೇ ಪ್ರಶ್ನೆ. ಹಾಕಬಹುದು ಸ್ವಾಮಿ. ಮುನ್ನೂರು ರೂಪಾಯಿ ಆಸುಪಾಸಿನ ಇಎಸ್‌ಪಿ8266 ಎಂಬ ವೈಫೈ ಇರುವ ಪುಟ್ಟ ಕಂಟ್ರೋಲರ್ ಬೋರ್ಡು, ಒಂದು ರಿಲೇ (ಬೋರ್ಡು ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್), ಮನೆಯ ವೈಫೈ. ಭಾನುವಾರ ಊಟದ ಹೊತ್ತಿಗೆ ಮುಗಿಯುವ ಕೆಲಸ. ಉತ್ತರ ಸಿಕ್ಕಿತಲ್ಲ?

ನನಗೆ ಉರಿಯುವುದು ಆ 'ಹಾಕಬಹುದಾ' ಕೇಳಿದಾಗ. ಹಾಕುವುದು ಯಾರಿಗೂ ಬರುತ್ತದೆ. ಆಫ್ ಆಗುತ್ತದಾ ಅಂತ ಈವರೆಗೆ ಒಬ್ಬರೂ ಕೇಳಿಲ್ಲ.

ವಿಡಿಯೋಗಳಲ್ಲಿ ತೋರಿಸುವ ನೀಲಿ ರಿಲೇ ಮೇಲೆ 10 ಆಂಪಿಯರ್ ಎಂದಿರುತ್ತದೆ. 1 ಎಚ್‌ಪಿ ಮೋಟರ್ ಓಡುವಾಗ ಎಳೆಯುವುದು ಆರೇಳು ಆಂಪಿಯರ್, ಲೆಕ್ಕ ಸರಿಹೋಯಿತು ಅನ್ನುತ್ತೀರಿ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದು ಎಳೆಯುವುದು ಐದಾರು ಪಟ್ಟು. ಕಿಡಿ ಹಾರಿ ಹಾರಿ ಒಂದು ದಿನ ರಿಲೇ ಒಳಗೆ ಒಂದಕ್ಕೊಂದು ತಾಗುವ ಲೋಹದ ತುದಿಗಳು, ಅಂದರೆ ಕಾಂಟ್ಯಾಕ್ಟುಗಳು, ಬೆಸೆದುಕೊಳ್ಳುತ್ತವೆ. ಫೋನ್ 'ಆಫ್' ಎಂದು ತೋರಿಸುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ, ಟ್ಯಾಂಕಿನ ನೀರು ಪಕ್ಕದ ಮನೆಯವರು ಒಣಹಾಕಿದ ಬಟ್ಟೆ ಮೇಲೆ.

ರಿಲೇ ನೇರವಾಗಿ ಹಾಕಬೇಕಾದ್ದು ಮೋಟರನ್ನಲ್ಲ, ಕಂಟ್ಯಾಕ್ಟರಿನ (ಮೋಟರಿನ ಭಾರ ತಡೆಯುವ ದೊಡ್ಡ ರಿಲೇ) ಕಾಯಿಲನ್ನು ಮಾತ್ರ; ಕಾಯಿಲಿಗೆ ಕರೆಂಟ್ ಹೋದಾಗ ಕಂಟ್ಯಾಕ್ಟರ್ ಮೋಟರನ್ನು ಹಾಕುತ್ತದೆ. ಕಂಟ್ಯಾಕ್ಟರ್ ಕೊಳ್ಳುವಾಗ ಎಸಿ-3 (ಮೋಟರ್ ಲೋಡಿನ ದರ್ಜೆ) ಎಂದಿರುವ ಸಾಲಿನ ಆಂಪಿಯರ್ ನೋಡಿ. ಎಸಿ-1ರ ದೊಡ್ಡ ಅಂಕಿ ಹೀಟರಿನಂಥ ಲೋಡಿಗೆ. ಕಾಯಿಲ್ 24 ವೋಲ್ಟ್ ಡಿಸಿಯದೇ ಇರಲಿ, ಯಾಕೆಂದರೆ ಅದೇ ಲೈನಿನಲ್ಲಿ ಎರಡು ಫ್ಲೋಟ್ ಸ್ವಿಚ್ (ನೀರಿನ ಮೇಲೆ ತೇಲುತ್ತಾ ಮಟ್ಟಕ್ಕೆ ತಕ್ಕಂತೆ ಆನ್-ಆಫ್ ಆಗುವಂಥವು) ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು, ಬರುತ್ತವೆ: ಮೇಲಿನ ಟ್ಯಾಂಕ್ ತುಂಬಿದರೆ ಲೈನ್ ಕತ್ತರಿಸುವುದೊಂದು, ಸಂಪ್ ಬರಿದಾದರೆ ಕತ್ತರಿಸುವುದೊಂದು. ನೀರಿಗಿಳಿಯುವ ವೈರಿನಲ್ಲಿ 230 ವೋಲ್ಟ್ ಇರಕೂಡದು. ಫ್ಲೋಟುಗಳು ಹೀಗಿದ್ದರೆ ಬೋರ್ಡ್ ಹ್ಯಾಂಗ್ ಆದರೂ ಟ್ಯಾಂಕ್ ತುಂಬಿದಾಗ ಮೋಟರ್ ನಿಲ್ಲುತ್ತದೆ. ಫ್ಲೋಟಿನ ವೈರಿಗೆ ಗೇಣುದ್ದ ಸಡಿಲ ಬಿಡಿ. ಬಿಗಿಯಾಗಿ ಕಟ್ಟಿದರೆ ನೀರು ತುಳುಕಿದಾಗೆಲ್ಲ ಕಂಟ್ಯಾಕ್ಟರ್ ಕಟಕಟ ಎಂದು ಬಡಿದುಕೊಂಡು ಬೇಗ ಸಾಯುತ್ತದೆ. (230ರ ಕಡೆಯ ವೈರಿಂಗ್ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಹವ್ಯಾಸ ಅಲ್ಲಿಗೆ ಬೇಡ.)

ಯಾರೂ ಕೇಳದ ಇನ್ನೊಂದು ಪ್ರಶ್ನೆ: ರಾತ್ರಿ ಎರಡಕ್ಕೆ ಕರೆಂಟ್ ಹೋಗಿ ಬಂದರೆ? ಬೋರ್ಡಿಗೆ ಹಾಕುವ ಇಎಸ್‌ಪಿಹೋಮ್ ಸಾಫ್ಟ್‌ವೇರಿನಲ್ಲಿ ರಿಲೇಯ ರಿಸ್ಟೋರ್ ಮೋಡನ್ನು (ಕರೆಂಟ್ ಬಂದಾಗ ರಿಲೇ ಹೇಗಿರಬೇಕು ಎಂಬ ಸೆಟ್ಟಿಂಗ್) 'ಆಲ್ವೇಸ್ ಆಫ್' ಮಾಡಿಡಿ. ರಿಲೇಗೆ ಜೋಡಿಸುವ ಬೋರ್ಡಿನ ಪಿನ್ ಡಿ1 ಅಥವಾ ಡಿ2 ಆಗಿರಲಿ. ಈ ಬೋರ್ಡಿನ ಕೆಲವು ಪಿನ್‌ಗಳು ಬೂಟ್ ಆಗುವಾಗ ತಾವಾಗಿಯೇ ಹೈಗೆ (ಆನ್ ಸ್ಥಿತಿಗೆ) ಹೋಗಿ, ನೀವು ಹೇಳದೆಯೇ ಮೋಟರ್ ಒಮ್ಮೆ ಗಕ್ಕೆನ್ನುತ್ತದೆ. ಟ್ಯಾಂಕ್ ತುಂಬಲು 25 ನಿಮಿಷ ಹಿಡಿಯುವುದಾದರೆ 35ಕ್ಕೆ ನಿಲ್ಲಿಸುವ ಟೈಮರನ್ನು ಬೋರ್ಡಿನೊಳಗೇ ಬರೆಯಿರಿ. ಅದನ್ನು ಹೋಮ್ ಅಸಿಸ್ಟೆಂಟ್‌ನಲ್ಲಿ (ಮನೆಯ ಆಟೋಮೇಷನ್ನೆಲ್ಲ ನಡೆಸುವ, ಬೇರೆ ಕಂಪ್ಯೂಟರಿನಲ್ಲಿ ಓಡುವ ಸಾಫ್ಟ್‌ವೇರ್) ಇಟ್ಟರೆ ವೈಫೈ ಹೋದಾಗ ಟೈಮರೂ ಹೋಯಿತು.

ಕೊನೆಗೆ ಮೋಟರ್ ಪಕ್ಕ ಮೂರು ಸ್ಥಾನದ ರೋಟರಿ ಸ್ವಿಚ್ ಹಾಕಿಸಿ: ಆಟೋ, ಆಫ್, ಮ್ಯಾನುಯಲ್. ಮ್ಯಾನುಯಲ್‌ನಲ್ಲಿ ರಿಲೇ ಮಾತ್ರ ಬೈಪಾಸ್ ಆಗಲಿ, ಫ್ಲೋಟುಗಳು ಲೈನಿನಲ್ಲೇ ಉಳಿಯಲಿ. ಬೋರ್ಡು ಸುಟ್ಟ ದಿನ ಮನೆಯ ಅಜ್ಜಿ ಆ ಸ್ವಿಚ್ ತಿರುಗಿಸಿ ನೀರು ತುಂಬಿಸುತ್ತಾರೆ. ಫೋನ್ ಬೇಕಾಗಿಲ್ಲ.