ಸೈಕಲ್ಲಿಗೂ ಅದೇ, ಕಾಡಿಗೂ ಅದೇ: ಒಂದೇ ಜೊತೆ ಶೂ ಆರಿಸುವಾಗ

ನಮ್ಮ ಕಡೆ ಸೈಕಲ್ ಪ್ರವಾಸ ಅಂದರೆ ಬರೀ ಸೈಕಲ್ ಅಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವವರು ಯಾಣದ ಬಂಡೆ ನೋಡದೆ ಮುಂದೆ ಹೋಗುವುದುಂಟಾ? ಗೋಕರ್ಣ ತಲುಪಿದ ಮೇಲೆ ಕುಡ್ಲೆ, ಓಂ ಬೀಚು, ಹಾಫ್ ಮೂನು, ಪ್ಯಾರಡೈಸು ಅಂತ ಗುಡ್ಡ ಹತ್ತಿ ಇಳಿದು ನಡೆಯಲೇಬೇಕು. ಉಂಚಳ್ಳಿ ಜಲಪಾತಕ್ಕೆ ಹೋದರೆ ಮೆಟ್ಟಿಲು ಇಳಿಯಬೇಕು. ಹಾಗಾಗಿ ಪೆಡಲಿಗೂ ಆಗಬೇಕು, ಕಾಡಿಗೂ ಆಗಬೇಕು, ಅಂಥ ಒಂದೇ ಜೊತೆ ಶೂ ಯಾವುದು ಅಂತ ಹೊಸಬರು ಕೇಳುತ್ತಲೇ ಇರುತ್ತಾರೆ.

ಅಂಗಡಿಯಲ್ಲಿ ಎಲ್ಲರೂ ಮೊದಲು ನೋಡುವುದು ಸೋಲು, ಅಂದರೆ ಶೂವಿನ ಅಟ್ಟೆ. ನಾನು ಮೊದಲು ನೋಡುವುದು ಅದು ಒದ್ದೆಯಾದರೆ ಎಷ್ಟು ಬೇಗ ಒಣಗುತ್ತದೆ ಅನ್ನುವುದನ್ನು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಕರಾವಳಿ ನಮ್ಮದು. ಮಳೆ ನಿಂತ ಮೇಲೂ ಗಾಳಿಯಲ್ಲಿ ನೀರು ಇದ್ದೇ ಇರುತ್ತದೆ.

ಇಲ್ಲೇ ವಾಟರ್‌ಪ್ರೂಫ್ ಶೂ ವಿಷಯ ಬರುತ್ತದೆ. ದುಡ್ಡು ಜಾಸ್ತಿ ಕೊಟ್ಟು ತಗೊಳ್ಳುವವರು ತುಂಬಾ ಜನ. ಅದರ ಒಳಗೆ ಗೋರ್‌ಟೆಕ್ಸ್ ಥರದ ಒಂದು ತೆಳು ಪೊರೆ ಇರುತ್ತದೆ. ಹೊರಗಿನ ನೀರನ್ನು ಅದು ನಿಜವಾಗಿಯೂ ತಡೆಯುತ್ತದೆ. ಇಬ್ಬನಿಯ ಹುಲ್ಲಿಗೆ, ಹಿಮಕ್ಕೆ, ಸಣ್ಣ ತುಂತುರಿಗೆ ಒಳ್ಳೆಯದೇ. ಆದರೆ ನಮ್ಮ ಮಳೆಯಲ್ಲಿ ನೀರು ಶೂ ಪಕ್ಕದಿಂದ ಬರುವುದಿಲ್ಲ, ಮೇಲಿಂದ ಬರುತ್ತದೆ. ಮೊಣಕಾಲಿಂದ ಇಳಿದು ಕಾಲುಚೀಲ ಹಿಡಿದು ಒಳಗೆ ಹೋಗುತ್ತದೆ, ಮುಂದಿನ ಚಕ್ರ ಎರಚಿದ ನೀರು ಲೇಸಿನ ಸಂದಿಯಿಂದ ಹೋಗುತ್ತದೆ, ಇನ್ನು ಹಳ್ಳ ದಾಟುವಾಗಂತೂ ಕೇಳುವುದೇ ಬೇಡ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ. ಹೊರಗಿನ ನೀರನ್ನು ತಡೆದ ಪೊರೆಯೇ ಒಳಗಿನ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮಾರನೇ ದಿನ ಬೆಳಿಗ್ಗೆ ಅದೇ ಒದ್ದೆ ಶೂಗೆ ಕಾಲು ಹಾಕಿ ದಿನವಿಡೀ ಪೆಡಲ್ ತುಳಿದರೆ ಚರ್ಮ ಬಿಳುಚಿಕೊಂಡು ಸುಲಿಯುತ್ತದೆ. ಅದಕ್ಕೆ ನನ್ನ ಮಾತು ಇಷ್ಟೇ: ಮೇಲ್ಭಾಗ ಗಟ್ಟಿ ನೆಯ್ಗೆಯ ಜಾಲರಿ ಬಟ್ಟೆಯದಿರಲಿ, ಒಳಗೆ ಸ್ಪಂಜು ಕಡಿಮೆ ಇರಲಿ, ನೀರು ಬರಲಿ, ಹೋಗಲಿ. ಮನೆಗೆ ತಂದ ಮೇಲೆ ಒಂದು ಸಂಜೆ ಬಕೆಟ್ಟಿನಲ್ಲಿ ಅದ್ದಿ ಜಗಲಿಯಲ್ಲಿ ನೇತುಹಾಕಿ, ಬೆಳಿಗ್ಗೆ ಕೈಯಾಡಿಸಿ ನೋಡಿ, ಗೊತ್ತಾಗುತ್ತದೆ.

ಈಗ ಸೋಲಿಗೆ ಬರೋಣ. ಕಷ್ಟ ಇರುವುದು ಇಲ್ಲಿ. ಪೆಡಲಿಗೆ ಬೇಕಾದದ್ದು ಬಗ್ಗದ ಸೋಲು, ನಡೆಯಲು ಬೇಕಾದದ್ದು ಬಗ್ಗುವ ಸೋಲು. ಹೆಬ್ಬೆರಳ ಬುಡದ ಉಬ್ಬು ಇದೆಯಲ್ಲ, ಸೈಕಲ್ ತುಳಿಯುವಾಗ ಭಾರ ಬೀಳುವುದು ಅದರ ಮೇಲೆ. ಸೋಲು ಮೆತ್ತಗಿದ್ದರೆ ಪೆಡಲಿನ ಅಂಚು ದಿನವಿಡೀ ಅದೇ ಜಾಗಕ್ಕೆ ಒತ್ತುತ್ತದೆ, ಮಧ್ಯಾಹ್ನದ ಹೊತ್ತಿಗೆ ಪಾದ ಉರಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಓಡುವ ಶೂ ಹಾಕಿಕೊಂಡು ಘಟ್ಟ ಹತ್ತುವವರಿಗೆ ಆಗುವ ತೊಂದರೆ ಇದೇ. ಹಾಗಂತ ಪೂರ್ತಿ ಗಟ್ಟಿ ಸೋಲು ಹಾಕಿಕೊಂಡು ಗುಡ್ಡ ಹತ್ತಿದರೆ ಹಿಮ್ಮಡಿ ಶೂ ಬಿಟ್ಟು ಮೇಲೇಳುತ್ತದೆ, ಉಜ್ಜಿ ಬೊಕ್ಕೆ ಬರುತ್ತದೆ.

ಅಂಗಡಿಯಲ್ಲಿ ಹೀಗೆ ಮಾಡಿ. ಒಂದು ಕೈಯಲ್ಲಿ ಹಿಮ್ಮಡಿ, ಇನ್ನೊಂದರಲ್ಲಿ ತುದಿ ಹಿಡಿದು ಮಡಚಿ. ಬೆರಳಿನ ಬುಡದಲ್ಲಿ ಮಾತ್ರ, ಅದೂ ಸ್ವಲ್ಪ ಬಲ ಹಾಕಿದ ಮೇಲೆ ಬಗ್ಗಬೇಕು. ನಡುವಿನಲ್ಲಿ ಮಡಚಿಕೊಂಡರೆ ವಾಪಸ್ ಇಟ್ಟುಬಿಡಿ. ಆಮೇಲೆ ಬಟ್ಟೆ ಹಿಂಡುವ ಹಾಗೆ ತಿರುಚಿ, ಸುಲಭಕ್ಕೆ ತಿರುಚಬಾರದು. ಕೊನೆಗೆ ಹೆಬ್ಬೆರಳಿಂದ ಸೋಲನ್ನು ಕೆಳಗಿನಿಂದ ಜೋರಾಗಿ ಒತ್ತಿ, ಒಳಗೆ ಇನ್ನೊಂದು ಕೈಗೆ ಆ ಒತ್ತು ಗೊತ್ತಾದರೆ ಪೆಡಲೂ ನಿಮ್ಮ ಪಾದಕ್ಕೆ ಗೊತ್ತಾಗುತ್ತದೆ.

ಕ್ಲೀಟ್, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ಲೋಹದ ತುಂಡು, ಇರುವ ಶೂ ಬೇಡವಾ ಅಂತ ಕೇಳಬಹುದು. ಸೈಕಲ್ಲಿನ ಬಿಡಿಭಾಗ ಮಾಡುವ ಶಿಮಾನೋದವರು 1990ರಲ್ಲಿ ತಂದ ಎಸ್‌ಪಿಡಿ ಪದ್ಧತಿಯಲ್ಲಿ ಎರಡು ಬೋಲ್ಟಿನ ಸಣ್ಣ ಕ್ಲೀಟು ಸೋಲಿನ ಗುಳಿಯೊಳಗೆ ಕೂತಿರುತ್ತದೆ, ಹಾಗಾಗಿ ನಡೆಯಲು ಬರುತ್ತದೆ. ಡಾಂಬರು ರಸ್ತೆಯೇ ಜಾಸ್ತಿ, ನಡೆಯುವುದು ಹೋಟೆಲಿನಿಂದ ಬೀಚಿಗೆ ಅಷ್ಟೇ ಅನ್ನುವವರಿಗೆ ಅದು ಚೆನ್ನಾಗಿದೆ. ಆದರೆ ನಮ್ಮ ನೆಲ ಚಿರೆಕಲ್ಲಿನದು. ಉಬ್ಬುತಗ್ಗಿನ ಕಲ್ಲಿನ ಮೇಲೆ ಕಾಲಿಟ್ಟಾಗ ಆ ಕಬ್ಬಿಣದ ತುಂಡು ಕಲ್ಲಿಗೆ ತಾಗಿ ಕರ್ ಅನ್ನುತ್ತದೆ, ಅದರ ಜೊತೆಗೇ ಕಾಲೂ ಜಾರುತ್ತದೆ. ಗುಳಿಯಲ್ಲಿ ಕೆಸರು ತುಂಬಿದರೆ ಪೆಡಲಿಗೆ ಕಚ್ಚುವುದಿಲ್ಲ. ಕಾರವಾರದ ಉಪ್ಪು ಗಾಳಿಗೆ ಬೋಲ್ಟು ತುಕ್ಕು ಹಿಡಿದು ಬಿಚ್ಚಲಿಕ್ಕೇ ಬರುವುದಿಲ್ಲ. ಮಳೆಗಾಲದಲ್ಲಿ ತೋಟದ ಸಂಕ (ಕಾಲುಸೇತುವೆ) ದಾಟುವಾಗ, ಹಾವಸೆ ಹಿಡಿದ ಆ ಅಡಿಕೆ ಮರದ ದಬ್ಬೆಯ ಮೇಲೆ ಕ್ಲೀಟ್ ಹಾಕಿಕೊಂಡು ಕಾಲಿಡಬೇಡಿ, ದಯವಿಟ್ಟು.

ಸಣ್ಣ ಮೊಳೆಗಳಿರುವ ಅಗಲ ಚಪ್ಪಟೆ ಪೆಡಲ್ ಹಾಕಿಸಿ. ಮೊಳೆ ರಬ್ಬರನ್ನು ಕಚ್ಚಿ ಹಿಡಿಯುತ್ತದೆ, ಬೇಕೆಂದಾಗ ಕಾಲು ಸಲೀಸಾಗಿ ತೆಗೆಯಬಹುದು, ಪೆಡಲ್ ಅಗಲ ಇರುವುದರಿಂದ ಶೂ ಅಷ್ಟೇನೂ ಗಟ್ಟಿ ಇರದಿದ್ದರೂ ನಡೆಯುತ್ತದೆ. ಇದಕ್ಕೆ ಅಪ್ರೋಚ್ ಶೂ ಅನ್ನುವ ಜಾತಿ ತುಂಬಾ ಚೆನ್ನಾಗಿ ಹೊಂದುತ್ತದೆ. ಬಂಡೆ ಹತ್ತುವವರು ಬಂಡೆಯ ಬುಡದ ತನಕ ನಡೆಯಲಿಕ್ಕೆ ಮಾಡಿದ್ದು ಅದು. ಸೋಲು ಅರೆಗಟ್ಟಿ, ರಬ್ಬರು ಅಂಟು, ತುದಿಯಲ್ಲಿ ಹಲ್ಲಿಲ್ಲದ ಸಪಾಟು ಜಾಗ. ಸಪಾಟು ರಬ್ಬರಿನಲ್ಲಿ ಪೆಡಲಿನ ಮೊಳೆ ಚೆನ್ನಾಗಿ ಕೂರುತ್ತದೆ. ಆಳ ಹಲ್ಲಿನ ಟ್ರೆಕ್ಕಿಂಗ್ ಬೂಟಿನಲ್ಲಿ ಮೊಳೆ ಹಲ್ಲಿನ ಸಂದಿಗೆ ಸಿಕ್ಕಿ ಪಾದ ಸೊಟ್ಟ ನಿಲ್ಲುತ್ತದೆ. ಹಾಗೇ ಎತ್ತರದ ಬೂಟಿನ ಕುತ್ತಿಗೆ ಪ್ರತಿ ಸುತ್ತಿಗೂ ಹಿಮ್ಮಡಿಯ ಮೇಲಿನ ನರಕ್ಕೆ ಉಜ್ಜುತ್ತದೆ. ಗಿಡ್ಡ ಶೂ ಸಾಕು.

ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಎತ್ತರದ ಬೂಟು ಬೇಕಲ್ವಾ ಅಂತ ಕೇಳುವವರಿದ್ದಾರೆ. ಬೂಟು ಉಂಬಳವನ್ನು ತಡೆಯುವುದಿಲ್ಲ, ಲೇಸಿನ ತೂತು ಸಿಕ್ಕಿದರೆ ಸಾಕು ಅದಕ್ಕೆ. ಒತ್ತು ನೆಯ್ಗೆಯ ಬಟ್ಟೆಯಲ್ಲಿ ಹೊಲಿದ, ಮೊಣಕಾಲಿನ ತನಕ ಬರುವ ಉಂಬಳದ ಕಾಲುಚೀಲ ಸಿಗುತ್ತದೆ, ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಸೈಕಲ್ ಇಳಿದ ಮೇಲೆ ಹಾಕಿಕೊಳ್ಳಿ.

ಇನ್ನೊಂದು ಮುಖ್ಯ ವಿಷಯ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಸೋಲಿನ ಒಳಪದರ ಪಾಲಿಯುರೆಥೇನ್ ಅನ್ನುವ ಫೋಮಿನದಾದರೆ ತೇವದ ಗಾಳಿಯಲ್ಲಿ ಅದು ತಾನಾಗಿಯೇ ಶಿಥಿಲವಾಗುತ್ತದೆ. ನೀರಿನಂಶ ಅದರ ಬಂಧವನ್ನೇ ಕಡಿಯುತ್ತಾ ಬರುತ್ತದೆ. ಹಾಕದೆ ಸುಮ್ನೆ ಕಪಾಟಿನಲ್ಲಿಟ್ಟ ಶೂ ಕೆಲವು ವರ್ಷ ಬಿಟ್ಟು ತೆಗೆದರೆ ನೋಡಲು ಹೊಸದರಂತೆಯೇ ಇರುತ್ತದೆ, ನಾಲ್ಕು ಹೆಜ್ಜೆ ನಡೆದರೆ ಸೋಲು ಪುಡಿಪುಡಿಯಾಗಿ ಉದುರುತ್ತದೆ. ಇವಿಎ ಅನ್ನುವ ಇನ್ನೊಂದು ಫೋಮಿನ ಪದರಕ್ಕೆ ಈ ಕಾಯಿಲೆ ಇಲ್ಲ. ಕರಾವಳಿಯಲ್ಲಿ ಇರುವವರು ಇದನ್ನು ಕೇಳಿಯೇ ತಗೊಳ್ಳಿ, ರಿಯಾಯಿತಿ ಅಂತ ಹಳೇ ಸ್ಟಾಕು ತಗೊಳ್ಳಬೇಡಿ.

ಅಳತೆಗೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಬೆರಳ ಮುಂದೆ ಒಂದು ಸೆಂಟಿಮೀಟರಿನಷ್ಟು ಜಾಗ ಇರಲಿ, ಇಳಿಜಾರಿನಲ್ಲಿ ಉಗುರು ಉಳಿಯಬೇಕಾದರೆ ಇದು ಬೇಕು. ಬಲಗಾಲಿನ ಲೇಸಿನ ತುದಿಯನ್ನು ಒಳಗೆ ಸಿಕ್ಕಿಸಿಯೇ ಸೈಕಲ್ ಹತ್ತಿ, ಚೈನು ಅದೇ ಬದಿಗಿದೆ.

ಹೊಸ ಶೂ ತಂದ ಕೂಡಲೇ ನಾನು ಹೋಗುವುದು ಚಮ್ಮಾರರ ಹತ್ತಿರ. "ಗಮ್ಮು ನಮ್ಮ ಮಳೆಗೆ ನಿಲ್ಲೂದಿಲ್ರಿ, ಸುತ್ತ ಹೊಲಿಗೆ ಹಾಕ್ಸಿಬಿಡಿ" ಅಂತ ಅವರೇ ಹೇಳಿದ್ದು. ದಪ್ಪ ಸೂಜಿಯಿಂದ ಸೋಲಿನ ಅಂಚು ಚುಚ್ಚಿ, ಮೇಣ ಹಚ್ಚಿದ ನೂಲನ್ನು ಒಳಗಿನಿಂದ ಎಳೆದು, ಪ್ರತಿ ಹೊಲಿಗೆಗೂ ಮೊಣಕಾಲಿನ ನಡುವೆ ಶೂ ಒತ್ತಿ ಹಿಡಿದು ಬಿಗಿಯುತ್ತಾರೆ. ವಾಟರ್‌ಪ್ರೂಫ್ ಶೂಗೆ ಹೀಗೆ ತೂತು ಹಾಕಿದರೆ ಅದರ ಪೊರೆಯೇ ಹೋಯಿತು. ಜಾಲರಿ ಶೂಗೆ ಆ ಚಿಂತೆ ಇಲ್ಲ.

ಒದ್ದೆಯಾದದ್ದನ್ನು ಬಚ್ಚಲೊಲೆಯ ಬಾಯಿಗೆ ಇಡಬೇಡಿ, ಬಿಸಿಗೆ ಅಂಟು ಬಿಡುತ್ತದೆ. ಒಳಗೆ ಹಾಸಿದ ಮೆತ್ತೆ (ಇನ್‌ಸೋಲ್) ತೆಗೆದು ಬೇರೆ ಇಟ್ಟು, ಶೂ ಒಳಗೆ ಪೇಪರ್ ತುಂಬಿ ಒಲೆಯಿಂದ ದೂರ ನೇತುಹಾಕಿ, ಮಲಗುವ ಮುಂಚೆ ಪೇಪರ್ ಬದಲಿಸಿ. ಸಮುದ್ರದ ನೀರು ತಾಗಿದ್ದರೆ ಮೊದಲು ಬಾವಿ ನೀರಲ್ಲಿ ತೊಳೆಯಿರಿ, ಉಪ್ಪು ಉಳಿದರೆ ಅದು ಮತ್ತೆ ಮತ್ತೆ ತೇವ ಎಳೆದುಕೊಳ್ಳುತ್ತದೆ.