ಮನಿ ತಗೊಳ್ಳೋರಿಗೂ ಒಬ್ಬ ಏಜೆಂಟ್ ಬೇಕ್ರಿ

ನಮ್ಮ ಬೆಳಗಾವ್ಯಾಗ ಮನಿ ನೋಡಾಕ ಹೋದ್ರ ಸಿಗೋ ಏಜೆಂಟ್ ಬಹಳ ಸಲ ಮಾರೋರ ಕಡೆಯವನೇ ಇರ್ತಾನ, ರೇಟ್ ಏರಿದಷ್ಟು ಅವಂಗ ಕಮಿಷನ್ ಜಾಸ್ತಿ, ನಿಮ್ಮ ಪರ ಯಾಕ ಮಾತಾಡ್ತಾನ ಹೇಳ್ರಿ. ನಮ್ಮ ತಂಗಿ ಟಿಳಕವಾಡಿಯೊಳಗ ಮನಿ ನೋಡುವಾಗ ತನ್ನ ಕಡೆಯಿಂದ ಬ್ಯಾರೆ ಒಬ್ಬರನ್ನ ಇಟ್ಕೊಂಡಿದ್ಲು, ಅವರು ಟೈಲ್ಸ್ ಪೇಂಟ್ ಕಡೆ ಹೊಳ್ಳಿನೂ ನೋಡ್ಲಿಲ್ಲ, ಮೊದ್ಲ ಸಿಟಿ ಸರ್ವೇ ಉತಾರ (ಆಸ್ತಿ ಯಾರ ಹೆಸರಿಲೆ ಐತಿ ಅಂತ ತೋರಿಸೋ ಸರ್ಕಾರಿ ದಾಖಲೆ) ತಗಿಸಿದ್ರು, ಅದ್ರಾಗ ನೋಡಿದ್ರ ಮಾರೋರ ಜೋಡಿ ಅವರ ಅಕ್ಕನ ಹೆಸರೂ ಐತಿ! ಆಕಿ ಸಹಿಗೆ ಒಪ್ಪೋತನಕ ಸಂಚಕಾರ (ಮುಂಗಡ ರೊಕ್ಕ) ಕೊಡಬ್ಯಾಡ್ರಿ ಅಂದ್ರು. (ಏಜೆಂಟ್ ಇದ್ರೂ ವಕೀಲರಿಗೆ ಕಾಗದಾ ತೋರಿಸೋದು ಬಿಡಬ್ಯಾಡ್ರಿ, ಯಾಕಂದ್ರ ಇಸಿ ಅಂದ್ರ ಋಣಭಾರ ಪತ್ರದೊಳಗ ನೋಂದಣಿ ಆದ ವ್ಯವಹಾರ ಅಷ್ಟೇ ಕಾಣ್ತಾವ.) ರೇರಾ ಅಂದ್ರ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಾಗ ನೋಂದಣಿ ಆದ ಪ್ರಾಜೆಕ್ಟ್ ಆದ್ರ ಏಜೆಂಟರ ರೇರಾ ನಂಬರ್ ಕೇಳ್ರಿ, 2016ರ ಕಾಯ್ದೆ ಪ್ರಕಾರ ಅದು ಕಡ್ಡಾಯ. ಕಮಿಷನ್ ಎಷ್ಟು, ಎರಡೂ ಕಡೆಯಿಂದ ತಗೊಳ್ತಾರೇನು ಅನ್ನೋದನ್ನ ಮೊದ್ಲ ಬಾಯಿಬಿಟ್ಟು ಕೇಳಿಬಿಡ್ರಿ.